ಅಪ್‌ಡೇಟ್: ಬ್ಯಾಂಕಾಕ್‌ಗೆ ರೂಪಾಯಿಯೋ, ಡಾಲರೋ, ಕಾರ್ಡೋ?

ಥಾಯ್ಲೆಂಡ್‌ಗೆ ದುಡ್ಡು ಹೇಗೆ ಒಯ್ಯೋದು ಅಂತ ಹೋಗುವ ಮುಂಚೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಮೊನ್ನೆ ವಾಪಸ್ ಬಂದೆವು.

ಕೈ ಹಿಡಿದದ್ದು ಡಾಲರ್ ಒಯ್ದು ಅಲ್ಲಿ ಬಾತ್‌ಗೆ (ಥಾಯ್ಲೆಂಡ್ ದುಡ್ಡು) ಬದಲಾಯಿಸಿ ಅನ್ನೋ ಸಲಹೆ. ಬೆಂಗಳೂರಲ್ಲೇ ಡಾಲರ್ ತಗೊಂಡಿದ್ದೆವು. ಬ್ಯಾಂಕಾಕ್‌ನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಕಾಣುವ ಹಣ ಬದಲಾಯಿಸುವ ಕೌಂಟರ್‌ಗಳನ್ನು ಬಿಟ್ಟು, ನೀವು ಹೇಳಿದ ಹಾಗೆ ಸಿಟಿ ರೈಲು ಹತ್ತುವ ಕೆಳಮಹಡಿಗೆ ಹೋದೆವು. ಅಲ್ಲಿ ಸೂಪರ್‌ರಿಚ್ ಥರದ ಹಣ ವಿನಿಮಯ ಕಂಪನಿಗಳ ಕೌಂಟರ್‌ಗಳಿವೆ. ಮೇಲಿನ ದರಕ್ಕೂ ಕೆಳಗಿನದಕ್ಕೂ ಎದ್ದು ಕಾಣುವ ವ್ಯತ್ಯಾಸ. ಒಂದೇ ಕಟ್ಟಡ ಕಣ್ರೀ! ಹೇಳಿದವರಿಗೆ ನನ್ನ ಕಡೆಯಿಂದ ಒಂದು ಊಟ ಬಾಕಿ. ಪಾಸ್‌ಪೋರ್ಟ್ ಕೇಳುತ್ತಾರೆ, ಕೈಯಲ್ಲೇ ಇರಲಿ.

ಯಾರೂ ಹೇಳದಿದ್ದ ವಿಷಯ ಒಂದಿದೆ. 100 ಡಾಲರ್ ನೋಟಿಗೆ ಒಂದು ದರ, 20, 10ರ ನೋಟಿಗೆ ಅದಕ್ಕಿಂತ ಕಡಿಮೆ. ಚಿಲ್ಲರೆ ಇರಲಿ ಅಂತ ಬರೀ ಸಣ್ಣ ನೋಟು ತಂದಿದ್ದ ನಮ್ಮ ಭಾವನ ಮುಖ ನೋಡಬೇಕಿತ್ತು.

ಫಾರೆಕ್ಸ್ ಕಾರ್ಡ್‌ನಿಂದ (ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡ್) ಎಟಿಎಂನಲ್ಲಿ ತೆಗೆದರೆ ಖರ್ಚೇ ಇಲ್ಲ ಅಂದಿದ್ದಿರಿ, ಅದು ನಡೆಯಲಿಲ್ಲ. ಅಲ್ಲಿನ ಮಷಿನ್ ಒಂದು ಸಲಕ್ಕೆ 220 ಬಾತ್ ಕಿತ್ತುಕೊಂಡಿತು. ಸಾವಿರ ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ಹಾಗಾಗಿ ತೆಗೆಯಲೇಬೇಕಾದರೆ ಒಂದೇ ಸಲ ಜಾಸ್ತಿ ತೆಗೆಯಿರಿ.

ಇನ್ನೊಂದು ಪೆಟ್ಟು ನನ್ನದೇ ತಪ್ಪು. ಒಂದು ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಹಾಕಿದಾಗ ರೂಪಾಯಿಯಲ್ಲಿ ಕೊಡ್ತೀರಾ, ಬಾತ್‌ನಲ್ಲಾ ಅಂತ ಮಷಿನ್ ಕೇಳಿತು. ನಮ್ಮದೇ ದುಡ್ಡು ಅಲ್ವಾ ಅಂತ ಸುಮ್ನೆ ರೂಪಾಯಿ ಒತ್ತಿದೆ. ಹಾಗೆ ಒತ್ತಿದರೆ ಬಾತ್ ಅನ್ನು ರೂಪಾಯಿಗೆ ಬದಲಾಯಿಸಲು ಅಂಗಡಿ ಮಷಿನ್ ಕಡೆಯವರದೇ ದುಬಾರಿ ದರ ಬೀಳುತ್ತದೆ. ನೀವು ಬಾತ್ ಒತ್ತಿ.

ಉಳಿದ ಬಾತ್‌ಗಳನ್ನು ಬದಲಾಯಿಸಲಿಲ್ಲ. ಹೊರಡುವ ದಿನ ಮಾವಿನ ಹಣ್ಣು ತಿಂದು ಮುಗಿಸಿದೆವು.