ಹಳೇ ರೀಸ್ಲಿಂಗ್‌ನಲ್ಲಿ ಸೀಮೆಎಣ್ಣೆ ವಾಸನೆ: ಕೆಟ್ಟಿದೆಯಾ, ಮಾಗಿದೆಯಾ?

ಮೋಸೆಲ್‌ದಂಡೆ:
ಜರ್ಮನಿಯ ಬರ್ನ್‌ಕಾಸ್ಟೆಲ್ ಹತ್ತಿರ ಒಂದು ಸಣ್ಣ ವೈನರಿಯಲ್ಲಿ ಹೊಸ ವೈನ್, ಹಳೇ ವೈನ್ ಎರಡನ್ನೂ ಪಕ್ಕಪಕ್ಕ ಇಟ್ಟು ರುಚಿ ನೋಡಿದೆ. ಎಲ್ಲವೂ ರೀಸ್ಲಿಂಗ್ ಅನ್ನುವ ಬಿಳಿ ದ್ರಾಕ್ಷಿಯದ್ದು, ಎಲ್ಲವೂ ವೇಲೆನರ್ ಸೊನೆನ್‌ಊರ್ ತೋಟದ್ದೇ. ಮೋಸೆಲ್ ನದಿಗೆ ಮುಖ ಮಾಡಿದ ಕಡಿದಾದ ಸ್ಲೇಟ್ ಕಲ್ಲಿನ ಇಳಿಜಾರು ಅದು.

2021ರ ಕಾಬಿನೆಟ್ (ಹಗುರ ದರ್ಜೆಯ ವೈನ್): ಬಣ್ಣ ತೀರಾ ತೆಳು, ಅಂಚಿನಲ್ಲಿ ಸ್ವಲ್ಪ ಹಸಿರು. ನಿಂಬೆ ಸಿಪ್ಪೆ, ಹಸಿರು ಸೇಬು. ಹುಳಿಗೆ ದವಡೆ ಜುಮ್ ಅನ್ನುತ್ತದೆ, ಅಷ್ಟರಲ್ಲಿ ಸಿಹಿ ಬಂದು ಸಮ ಮಾಡುತ್ತದೆ. ಆಲ್ಕೋಹಾಲ್ ಬರೀ ಶೇ 8. ಆ ವರ್ಷ ತಂಪಿತ್ತು, ಅದಕ್ಕೇ ಈ ಚುರುಕು.

2018ರ ಸ್ಪೇಟ್‌ಲೇಸೆ (ತಡವಾಗಿ ಕೊಯ್ದ, ಹೆಚ್ಚು ಮಾಗಿದ ದ್ರಾಕ್ಷಿಯದ್ದು): ಬಿಸಿಲಿನ ವರ್ಷ. ಮಾಗಿದ ಪೀಚ್, ಬಾಯಿ ತುಂಬ ಹಣ್ಣು. ನುಂಗಿದ ಮೇಲೆ ಏನೂ ಉಳಿಯಲಿಲ್ಲ. ನನಗೆ ಹಿಡಿಸಲಿಲ್ಲ.

2001ರ ಸ್ಪೇಟ್‌ಲೇಸೆ: ಪ್ರಶ್ನೆ ಇರುವುದು ಇದರ ಬಗ್ಗೆ. ಬಂಗಾರದ ಬಣ್ಣ. ಗ್ಲಾಸ್ ಮೂಗಿನ ಹತ್ತಿರ ತಂದ ಕೂಡಲೇ ಸೀಮೆಎಣ್ಣೆ, ಊರಿನ ರೇಷನ್ ಅಂಗಡಿಯಲ್ಲಿ ಬರುತ್ತಿತ್ತಲ್ಲ, ಅದೇ ವಾಸನೆ. ಸ್ವಲ್ಪ ಹೊತ್ತು ಬಿಟ್ಟರೆ ಜೇನು, ಒಣಗಿದ ಏಪ್ರಿಕಾಟ್, ಕೊನೆಗೆ ಒಂದು ಉಪ್ಪುಪ್ಪು ರುಚಿ. ಹೊಸದಕ್ಕಿಂತ ಸಿಹಿ ಕಡಿಮೆ ಅನ್ನಿಸಿತು. ನಾಲಿಗೆ ಮೇಲೆ ಎಷ್ಟೋ ಹೊತ್ತು ನಿಂತಿತ್ತು. ನನಗೆ ಇದೇ ಎಲ್ಲಕ್ಕಿಂತ ಮೇಲು. ಜೊತೆಗಿದ್ದವರು ಮಾತ್ರ ‘ಕೆಟ್ಟಿದೆ’ ಅಂತ ಗ್ಲಾಸ್ ಕೆಳಗಿಟ್ಟರು. ಒಂದು ಬಾಟಲಿ ಮನೆಗೂ ತಂದಿದ್ದೇನೆ. ಈ ವಾಸನೆ ದೋಷವಾ? ಇನ್ನೂ ಇಡಬಹುದಾ?

ಹಳೇಬಾಟಲಿ:
ದೋಷ ಅಲ್ಲ ಸರ್. ಅದು ಟಿಡಿಎನ್ ಅನ್ನುವ ರಾಸಾಯನಿಕ. ದ್ರಾಕ್ಷಿಯ ಕ್ಯಾರೋಟಿನಾಯ್ಡ್ ಅನ್ನುವ ಬಣ್ಣದ ಅಂಶಗಳಿಂದ ಬರುತ್ತದೆ, ಬಾಟಲಿಯಲ್ಲಿ ವರ್ಷ ಕಳೆದಂತೆ ಜಾಸ್ತಿಯಾಗುತ್ತದೆ. ಗೊಂಚಲಿಗೆ ಬಿಸಿಲು ಹೆಚ್ಚು ಬಿದ್ದರೆ ಇನ್ನೂ ಜೋರು. ಕಾರ್ಕ್ ಅದನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ಸ್ಕ್ರೂ ಮುಚ್ಚಳ ಹೀರುವುದಿಲ್ಲ. ನಿಜವಾಗಿ ಕೆಟ್ಟ ಕಾರ್ಕ್ ಆದರೆ ಒದ್ದೆ ರಟ್ಟಿನ ವಾಸನೆ ಬರುತ್ತದೆ, ಹಣ್ಣಿನ ಸುಳಿವೇ ಇರುವುದಿಲ್ಲ. ನಿಮ್ಮದರಲ್ಲಿ ಜೇನು, ಏಪ್ರಿಕಾಟ್ ಎರಡೂ ಇವೆಯಲ್ಲ, ಭಯ ಬೇಡ. ಸಿಹಿಯ ಮಾತು ಸರಿ. ಸಕ್ಕರೆ ಅಷ್ಟೇ ಇರುತ್ತದೆ, ನಾಲಿಗೆಗೆ ಕಡಿಮೆ ಅನ್ನಿಸುತ್ತದೆ.

ನಂದಿತಪ್ಪಲು:
ಇಲ್ಲಿ ಬೆಂಗಳೂರಲ್ಲಿ ನಾನು ಗ್ರೋವರ್ ಲಾ ರಿಸರ್ವ್ ಇಟ್ಟು ನೋಡಿದ್ದೇನೆ, ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿದ ಕೆಂಪು ವೈನ್. ಹೊಸದರಲ್ಲಿ ಒಗರು ಜಾಸ್ತಿ. ಕೆಲವು ವರ್ಷ ಇಟ್ಟರೆ ಒಗರು ಇಳಿದು ಮೆತ್ತಗಾಗುತ್ತದೆ. ಬಿಳಿ ವೈನ್ ಇಷ್ಟು ವರ್ಷ ತಡೆಯುತ್ತದೆ ಅಂದರೆ ನಂಬಲು ಕಷ್ಟ. ಅದರಲ್ಲಿ ಒಗರೇ ಇರುವುದಿಲ್ಲ ಅಲ್ವಾ?

ಹಳೇಬಾಟಲಿ:
ಒಗರಿಲ್ಲ, ಆದರೆ ಹುಳಿ ಇದೆ. ಮೋಸೆಲ್ ರೀಸ್ಲಿಂಗ್ ಅನ್ನು ಹುಳಿ, ಸಕ್ಕರೆ ಎರಡೂ ಸೇರಿ ಕಾಯುತ್ತವೆ. ಅದಕ್ಕೇ 2001ರಂಥ ಒಳ್ಳೆ ವರ್ಷದ್ದು ಇಷ್ಟು ಕಾಲ ನಿಂತಿದೆ. ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. 12ರಿಂದ 14 ಡಿಗ್ರಿ, ಕತ್ತಲು, ಬಾಟಲಿ ಮಲಗಿಸಿ. ಅಡುಗೆಮನೆ ಕಪಾಟು ಖಂಡಿತ ಬೇಡ.

ಮೋಸೆಲ್‌ದಂಡೆ:
ಇಬ್ಬರಿಗೂ ಧನ್ಯವಾದ. ಹಾಗಾದರೆ 2018 ನನಗೆ ಸಪ್ಪೆ ಅನ್ನಿಸಿದ್ದು ಹುಳಿ ಸಾಲದೆಯೇ ಇರಬೇಕು. 2021ರ ಕಾಬಿನೆಟ್ ಇನ್ನೊಂದಿಷ್ಟು ತಂದು ನೆಲಮಾಳಿಗೆಯಲ್ಲಿ ಇಡುತ್ತೇನೆ. ಒಂದನ್ನು ಈಗಲೇ ತೆರೆಯುತ್ತೇನೆ. ಖಾರದ ಕೋಳಿ ಸಾರಿಗೆ ಆ ಸಿಹಿ, ಆ ಕಡಿಮೆ ಆಲ್ಕೋಹಾಲ್ ಚೆನ್ನಾಗಿ ಹೊಂದುತ್ತದೆ, ನೀವೂ ನೋಡಿ. ಇನ್ನೊಂದು ಅನುಮಾನ: 2001ರ ಬಾಟಲಿಯ ತಳದಲ್ಲಿ ಹರಳು ಕಾಣುತ್ತಿವೆ. ಗಾಜಿನ ಚೂರಾ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ.

ಹಳೇಬಾಟಲಿ:
ಗಾಜಲ್ಲ, ವೈನ್‌ನಲ್ಲೇ ಇರುವ ಟಾರ್ಟರಿಕ್ ಹುಳಿಯ ಲವಣದ ಹರಳು. ತೊಂದರೆ ಏನೂ ಇಲ್ಲ. ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ಬಗ್ಗಿಸಿ, ಕೊನೆಯ ಗುಟುಕು ಬಾಟಲಿಯಲ್ಲೇ ಬಿಡಿ. ಸುಮಾರು 10 ಡಿಗ್ರಿ ಸಾಕು. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದರೆ ಆ ಜೇನು ಸಿಗುವುದಿಲ್ಲ.