ರೋಮಿನ ಗಣರಾಜ್ಯ ಮುಗಿದದ್ದು ಯಾವಾಗ?

ಇತಿಹಾಸದ ವಿದ್ಯಾರ್ಥಿ: ಕ್ರಿ.ಪೂ. 49ರ ಜನವರಿಯಲ್ಲಿ ಜೂಲಿಯಸ್ ಸೀಸರ್ ಸೇನಾಪತಿಗಳು ಸೇನೆಯೊಡನೆ ದಾಟಬಾರದ ಗಡಿಯಾಗಿದ್ದ ರೂಬಿಕಾನ್ ನದಿಯನ್ನು ತನ್ನ ಸೇನೆಯೊಡನೆ ದಾಟಿದಾಗಲೇ ಗಣರಾಜ್ಯ ಮುಗಿಯಿತೆಂಬುದು ನನ್ನ ನಿಲುವು. ಕ್ರಿ.ಪೂ. 44ರಲ್ಲಿ ಆಜೀವ ಸರ್ವಾಧಿಕಾರಿಯಾಗಿದ್ದ ಅವನನ್ನು ಕೊಂದವರಿಗೂ ಹಳೆಯ ವ್ಯವಸ್ಥೆಯನ್ನು ಮರಳಿ ತರಲಾಗಲಿಲ್ಲ.

ನಿವೃತ್ತ ಅಧ್ಯಾಪಕ: ಸೀಸರನಿಗೆ ಆ ದಾರಿಯನ್ನು ತೋರಿದವನು ಅವನಿಗಿಂತ ಹಿಂದಿನ ರೋಮನ್ ಸೇನಾಪತಿ ಸುಲ್ಲಾ. ಪೂರ್ವದ ರಾಜ ಮಿತ್ರಿಡೇಟಸ್ ವಿರುದ್ಧದ ಯುದ್ಧದ ನಾಯಕತ್ವವನ್ನು ತನ್ನಿಂದ ಕಸಿದು ಪ್ರತಿಸ್ಪರ್ಧಿ ಸೇನಾಪತಿ ಮಾರಿಯಸ್‌ಗೆ ಕೊಟ್ಟಾಗ, ಕ್ರಿ.ಪೂ. 88ರಲ್ಲಿ ಅವನು ರೋಮ್ ನಗರದ ಮೇಲೆಯೇ ದಂಡೆತ್ತಿ ಹೋದನು. ಹಿರಿಯ ಅಧಿಕಾರಿಗಳಲ್ಲಿ ಒಬ್ಬನನ್ನುಳಿದು ಎಲ್ಲರೂ ಹಿಂದೆ ಸರಿದರು, ಸಾಮಾನ್ಯ ಸೈನಿಕರು ಮಾತ್ರ ಅವನನ್ನು ಬಿಡಲಿಲ್ಲ. ಮಾರಿಯಸ್ ಕ್ರಿ.ಪೂ. 107ರಲ್ಲಿ ಆಸ್ತಿಯಿಲ್ಲದವರನ್ನೂ ಸೇನೆಗೆ ಸೇರಿಸಿಕೊಂಡಿದ್ದನು. ಇಂಥವರು ಸೇವೆ ಮುಗಿಸಿ ಬಂದಾಗ ಅವರಿಗೆ ಜಮೀನು ಕೊಡುವ ಖಚಿತ ಏರ್ಪಾಟನ್ನು ರೋಮಿನ ಹಿರಿಯರ ಸಭೆಯಾದ ಸೆನೆಟ್ ಮಾಡಲಿಲ್ಲವಾದ್ದರಿಂದ, ಅವರು ತಮ್ಮ ಸೇನಾಪತಿಯ ಮುಖವನ್ನೇ ನೋಡಬೇಕಾಯಿತು. ಗಣರಾಜ್ಯದ ರೋಗದ ಮೂಲ ಇಲ್ಲಿದೆ.

ಕಾನೂನಿನ ವಿದ್ಯಾರ್ಥಿನಿ: ಅಧ್ಯಾಪಕರು ಹೇಳಿದ ಕಾರಣವನ್ನು ಒಪ್ಪುತ್ತೇನೆ, ಕಾಲವನ್ನಲ್ಲ. ಸುಲ್ಲಾ ಕೊನೆಗೆ ಅಧಿಕಾರ ತ್ಯಜಿಸಿದನು, ಚುನಾವಣೆಗಳು ಮುಂದುವರಿದವು. ಪ್ರತಿಸ್ಪರ್ಧಿ ಆಂಟೊನಿಯ ವಿರುದ್ಧ ಆಕ್ಟಿಯಮ್ ಕದನ ಗೆದ್ದ, ಸೀಸರನ ದತ್ತುಪುತ್ರ ಆಕ್ಟೇವಿಯನ್ ಕ್ರಿ.ಪೂ. 27ರಲ್ಲಿ ರಾಜ್ಯವನ್ನು ಸೆನೆಟ್ಟಿಗೆ ಮರಳಿಸಿರುವುದಾಗಿ ಘೋಷಿಸಿದಾಗ, ಸೆನೆಟ್ ಅವನಿಗೆ ಆಗಸ್ಟಸ್ ಎಂಬ ಬಿರುದನ್ನೂ ಹೆಚ್ಚಿನ ಸೇನೆ ಬೀಡುಬಿಟ್ಟಿದ್ದ ಸ್ಪೇನ್, ಗಾಲ್, ಸಿರಿಯಾಗಳನ್ನೂ ಒಪ್ಪಿಸಿತು. ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು ಕ್ರಿ.ಪೂ. 23. ಆ ವರ್ಷ ಅವನು ವರ್ಷಕ್ಕೆ ಇಬ್ಬರು ಆಯ್ಕೆಯಾಗುತ್ತಿದ್ದ ಅತ್ಯುನ್ನತ ಪದವಿಯಾದ ಕಾನ್ಸಲ್ ಪದವಿಯನ್ನು ಬಿಟ್ಟು, ಸಾಮಾನ್ಯ ಜನರ ಪರವಾಗಿ ನಿಲ್ಲುವ ಅಧಿಕಾರಿಯಾದ ಟ್ರಿಬ್ಯೂನ್ ಆಗದೆಯೇ ಟ್ರಿಬ್ಯೂನನ ಅಧಿಕಾರವನ್ನು ಪಡೆದನು. ರೋಮನ್ನರು ಅಧಿಕಾರಕ್ಕೆ ಹಾಕಿದ್ದ ಕಡಿವಾಣಗಳಾದ ಒಂದು ವರ್ಷದ ಅವಧಿ ಮತ್ತು ಸಮಾನ ಸಹೋದ್ಯೋಗಿ, ಎರಡೂ ಪದವಿಗೆ ಅಂಟಿಕೊಂಡಿದ್ದವು. ಪದವಿಯಿಂದ ಬಿಡಿಸಿಕೊಂಡ ಅಧಿಕಾರಕ್ಕೆ ಅವು ತಾಗಲಿಲ್ಲ.

ಇತಿಹಾಸದ ವಿದ್ಯಾರ್ಥಿ: ಹಾಗಿದ್ದರೆ ಜನ ಸುಮ್ಮನಿದ್ದುದೇಕೆ?

ಕಾನೂನಿನ ವಿದ್ಯಾರ್ಥಿನಿ: ಸುಮ್ಮನಿರಲಿಲ್ಲ, ಅವರೇ ಅವನನ್ನು ಬೇಡಿದರು. ಕ್ರಿ.ಪೂ. 22ರ ಧಾನ್ಯದ ಅಭಾವದಲ್ಲಿ ಸರ್ವಾಧಿಕಾರಿಯಾಗೆಂದು ಒತ್ತಾಯಿಸಿದರು; ಅವನು ಆ ಹೆಸರನ್ನು ನಿರಾಕರಿಸಿ ಧಾನ್ಯ ಪೂರೈಕೆಯ ಹೊಣೆಯನ್ನು ಹೊತ್ತನು.

ನಿವೃತ್ತ ಅಧ್ಯಾಪಕ: ಸೈನಿಕರ ವಿಷಯದಲ್ಲೂ ಹಾಗೆಯೇ ಆಯಿತು. ಕ್ರಿ.ಶ. 6ರಲ್ಲಿ ಅವನು ಸೈನಿಕ ಖಜಾನೆಯನ್ನು ಸ್ಥಾಪಿಸಿ, ತನ್ನ ಹಣದಿಂದ 17 ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಕೊಟ್ಟು, ಪಿತ್ರಾರ್ಜಿತ ಆಸ್ತಿಯ ಮೇಲೆ ಶೇಕಡಾ 5ರ ತೆರಿಗೆಯನ್ನು ಹೇರಿದನು. ನಿವೃತ್ತ ಸೈನಿಕನಿಗೆ ಇಂಥ ಖಜಾನೆಯೊಂದನ್ನು ಸೆನೆಟ್ ನೂರು ವರ್ಷ ಮೊದಲೇ ತೆರೆದಿದ್ದರೆ, ಸುಲ್ಲಾನ ಹಿಂದೆ ಹೊರಡುವವರು ಬಹಳ ಕಡಿಮೆಯಿರುತ್ತಿದ್ದರೆಂದೇ ನಾನು ನಂಬುತ್ತೇನೆ.