ಸಾವಾದ ಮನೆಯವರಿಗಾಗಿ ಕ್ರಿಸ್ಮಸ್‌ನಲ್ಲಿ ಏನೆಂದು ಪ್ರಾರ್ಥಿಸುವುದು?

ಉಡುಪಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಆಗಸ್ಟಿನಲ್ಲಿ ನಮ್ಮ ಚಿಕ್ಕಪ್ಪ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಮನೆಯಲ್ಲಿ ಈಗ ಚಿಕ್ಕಮ್ಮ ಮತ್ತು ಪಿಯುಸಿ ಓದುವ ತಮ್ಮ, ಇಬ್ಬರೇ. ಪ್ರತಿ ವರ್ಷ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತಿದ್ದವರು ಚಿಕ್ಕಪ್ಪ. ತೆಂಗಿನ ಚಿಪ್ಪಿನಲ್ಲಿ ರಾಗಿ ಮೊಳಕೆ ಬರಿಸಿ, ಕುರಿಗಳ ಮುಂದೆ ಹಸಿರು ಗದ್ದೆ ಮಾಡುತ್ತಿದ್ದರು. ಈ ಸಲ ನಕ್ಷತ್ರವೂ ಬೇಡ, ಕುಸ್ವಾರ್ (ಹಬ್ಬದ ತಿಂಡಿಗಳು) ಕೂಡ ಬೇಡ ಎಂದಿದ್ದಾರೆ ಚಿಕ್ಕಮ್ಮ. ನಾನು ಬೆಂಗಳೂರಿನಲ್ಲಿದ್ದೇನೆ. ರಾತ್ರಿ ಅವರಿಬ್ಬರಿಗಾಗಿ ಜಪಸರ ಹೇಳುತ್ತೇನೆ. ಆದರೆ ‘ಸಮಾಧಾನ ಕೊಡು ದೇವರೇ’ ಅಂದ ಮೇಲೆ ಮುಂದೆ ಮಾತೇ ಹೊರಡುವುದಿಲ್ಲ. ನೀವೆಲ್ಲ ಏನು ಕೇಳಿಕೊಳ್ಳುತ್ತೀರಿ? ಪ್ರಾರ್ಥಿಸುತ್ತಿದ್ದೇನೆ ಎಂದು ಅವರಿಗೆ ಹೇಳಬೇಕಾ?

ಬೆಂದೂರು ಆಂಟಿ:
ಹೇಳು ಮಗಾ, ಖಂಡಿತ ಹೇಳು. ನನ್ನ ಯಜಮಾನರು ತೀರಿಕೊಂಡ ವರ್ಷ ಡಿಸೆಂಬರಿನಲ್ಲಿ ಮನೆಗೆ ಬಂದವರೆಲ್ಲ ಅವರ ಹೆಸರು ಎತ್ತದೆ ಮಾತಾಡುತ್ತಿದ್ದರು. ಎಲ್ಲಿ ಅತ್ತುಬಿಡುತ್ತೇನೋ ಎಂಬ ಭಯ ಅವರಿಗೆ. ನನ್ನ ನಾದಿನಿ ಮಾತ್ರ ಫೋನಿನಲ್ಲೇ ಅಣ್ಣನ ಹೆಸರು ಹೇಳಿ ಪ್ರಾರ್ಥಿಸಿದಳು. ಆ ರಾತ್ರಿ ನನಗೆ ನಿದ್ದೆ ಬಂತು. ಹಾಗಾಗಿ ಚಿಕ್ಕಪ್ಪನ ಹೆಸರು ಹಿಡಿದೇ ಪ್ರಾರ್ಥಿಸು.

ಸಮಾಧಾನ ಅನ್ನುವುದು ದೊಡ್ಡ ಮಾತು, ಅದಕ್ಕೇ ನಿನಗೆ ಮುಂದೆ ಹೋಗಲಾಗುತ್ತಿಲ್ಲ. ಸಣ್ಣದನ್ನು ಕೇಳು. ಇವತ್ತು ಚಿಕ್ಕಮ್ಮ ಎರಡು ತುತ್ತು ಊಟ ಮಾಡಲಿ. ಬ್ಯಾಂಕಿನ ಕಾಗದಪತ್ರದ ಕೆಲಸ ಮುಗಿಯಲಿ. 24ರ ರಾತ್ರಿ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ನಿಂತು ಹಬ್ಬದ ಶುಭಾಶಯ ಹೇಳುತ್ತಾರಲ್ಲ, ಆ ಹತ್ತು ನಿಮಿಷಕ್ಕೆ ವಿಶೇಷವಾಗಿ ಬೇಡಿಕೋ. ಒಬ್ಬಂಟಿ ಹೆಂಗಸಿಗೆ ಅದಕ್ಕಿಂತ ಕಷ್ಟದ ಹೊತ್ತು ಬೇರೆ ಇಲ್ಲ. ಊರಿಗೆ ಬಂದರೆ ಆಗ ಅವರ ಪಕ್ಕದಲ್ಲೇ ನಿಲ್ಲು. ಚರ್ಚ್ ಆಫೀಸಿಗೆ ಮೊದಲೇ ಹೋಗಿ ಚಿಕ್ಕಪ್ಪನ ಹೆಸರಿನಲ್ಲಿ ಒಂದು ಪೂಜೆ ಬರೆಸು.

ಅಳು ನಿಲ್ಲಲಿ ಎಂದು ಮಾತ್ರ ಕೇಳಬೇಡ. ಸತ್ತ ಗೆಳೆಯ ಲಾಜರನನ್ನು ಬದುಕಿಸಿ ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಯೇಸು ಅತ್ತರು ಅಲ್ವಾ?

ಬೆಟಗೇರಿಯವ:
ನಾವು ಸಿಎಸ್‌ಐ (ಪ್ರೊಟೆಸ್ಟಂಟ್) ಸಭೆಯವರು. ತೀರಿಹೋದವರಿಗಾಗಿ ಪ್ರಾರ್ಥಿಸುವ ರೂಢಿ ನಮ್ಮಲ್ಲಿಲ್ಲ, ಉಳಿದವರಿಗಾಗಿ ಮಾಡುತ್ತೇವೆ. ಮಾತು ಹೊರಡದಿದ್ದಾಗ ನಾನು ಬೈಬಲಿನ ಕೀರ್ತನೆಗಳನ್ನೇ ಓದುತ್ತೇನೆ. 13ನೆಯದು ಚಿಕ್ಕದು, ‘ಇನ್ನೂ ಎಷ್ಟು ಕಾಲ’ ಎಂದು ದೇವರನ್ನೇ ಮತ್ತೆ ಮತ್ತೆ ಕೇಳುತ್ತದೆ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕಿಲ್ಲ. ಅಂಥದ್ದೂ ಬೈಬಲಿನಲ್ಲಿದೆ ಎನ್ನುವುದೇ ನನಗೆ ಧೈರ್ಯ.

ಇನ್ನೊಂದು ಮಾತು. ನಮ್ಮ ಕ್ಯಾರಲ್ ತಂಡ ಸಾವಾದ ಮನೆಗೆ ಮೊದಲೇ ಕೇಳಿ ಹೋಗುತ್ತದೆ. ಡ್ರಮ್ ಹೊರಗೇ ಇಡುತ್ತೇವೆ. ಮೆಲ್ಲಗೆ ಒಂದೇ ಹಾಡು, ಒಂದು ಪ್ರಾರ್ಥನೆ, ಆಮೇಲೆ ಕೂತು ಚಹಾ. ಬೇಡ ಎಂದರೆ ಗೇಟಿನಲ್ಲೇ ನಿಂತು ಮನಸ್ಸಿನಲ್ಲಿ ಪ್ರಾರ್ಥಿಸಿ ಮುಂದೆ ಹೋಗುತ್ತೇವೆ. ಅವರ ಮನೆ ಬಿಟ್ಟು ಹೋದೆವು ಎಂದಾಗಬಾರದು.

ಉಡುಪಿ ಹುಡುಗಿ:
ತುಂಬಾ ಥ್ಯಾಂಕ್ಸ್ ಆಂಟಿ, ಅಣ್ಣಾ. ಆ ಹತ್ತು ನಿಮಿಷ ನನಗೆ ಹೊಳೆದೇ ಇರಲಿಲ್ಲ. ಇವತ್ತೇ ಚರ್ಚ್ ಆಫೀಸಿಗೆ ಫೋನ್ ಮಾಡುತ್ತೇನೆ.

ಕಾಲೇಜು ಹುಡುಗ:
ಅಕ್ಕಾ, ನಿಮ್ಮ ತಮ್ಮನ ಬಗ್ಗೆ ಯಾರೂ ಹೇಳಲಿಲ್ಲ. ನನಗೂ ಅದೇ ವಯಸ್ಸಿನಲ್ಲಿ ಅಪ್ಪ ಹೋದರು. ‘ಇನ್ನು ನೀನೇ ಮನೆಗೆ ಗಂಡಸು, ಅಮ್ಮನನ್ನು ನೋಡಿಕೋ’ ಎಂದು ಎಲ್ಲರೂ ಹೇಳಿದರು. ನೀನು ಹೇಗಿದ್ದೀಯ ಎಂದು ಕೇಳಿದವರು ಕಡಿಮೆ. ದಯವಿಟ್ಟು ಅವನಿಗಾಗಿ ಬೇರೆಯಾಗಿ ಪ್ರಾರ್ಥಿಸಿ, ಅಮ್ಮನ ಜೊತೆ ಸೇರಿಸಿ ಬೇಡ. ಅದನ್ನು ಅವನಿಗೆ ಮೆಸೇಜ್ ಮಾಡಿ. ಅವನು ಉತ್ತರ ಕೊಡದೆ ಇರಬಹುದು, ಆದರೆ ಓದಿಯೇ ಓದುತ್ತಾನೆ.